ಬಚ್ಚಲಿಗೊಂದು ಗಳ

ಅಕ್ಕಾರೆ, ಒಂದ್ನಿಮಿಷ ಈ ಕಡೆ ಗೋಡೆ ಹತ್ರ ಬರ್ರಿ. ಬೆಳಗ್ಗಿಂದ ನಿಮ್ಮ ಬಚ್ಚಲ ಟೈಲ್ಸ್ ಒಡೆಯೋ ಸದ್ದು ಕೇಳ್ತಾ ಐತೆ. ಮೇಸ್ತ್ರಿ ಹೊಸ ಟೈಲ್ಸ್ ಕೂರಿಸೋಕೆ ಮುಂಚೆನೇ ನಿಮಗೊಂದು ಮಾತು ಹೇಳಬೇಕು. ಟವೆಲ್ ಎಲ್ಲಿ ಹಾಕೋದು ಅಂತ ಯೋಚನೆ ಮಾಡೀರಾ? ಟೈಲ್ಸ್ ಬಣ್ಣಕ್ಕೆ ಹದಿನೈದು ದಿನ ಅಂಗಡಿ ತಿರುಗ್ತೀವಿ. ಟವೆಲ್ಲಿಗೆ ಕೊನೇ ದಿನ ಒಂದು ರಾಡ್ ತಂದು, ಜಾಗ ಎಲ್ಲೈತೋ ಅಲ್ಲಿ ಬಡಿಸಿಬಿಡ್ತೀವಿ. ಆಮೇಲೆ ವರ್ಷಗಟ್ಟಲೆ ವಾಸನೆ ಕುಡೀತೀವಿ.

ನಿಮ್ದೂ ನಮ್ದೂ ಒಂದೇ ಅಳತೆ ಬಚ್ಚಲು. 4 ಅಡಿ ಅಗಲ, 6 ಅಡಿ ಉದ್ದ. ವಿನೋಬನಗರದಾಗೆ ಇನ್ನೆಷ್ಟು ದೊಡ್ಡದು ಕಟ್ಟಿಸೋಕಾಗ್ತೈತೆ? ಟರ್ಕಿ ಟವೆಲ್ ತಗೊಳ್ರಿ, 30 ಇಂಚು ಅಗಲ, 60 ಇಂಚು ಉದ್ದ. ಮುದುಡದಂಗೆ ಪೂರ್ತಿ ಹರವಬೇಕು ಅಂದ್ರೆ ಒಂದಕ್ಕೆ ಎರಡೂವರೆ ಅಡಿ ರಾಡ್ ಬೇಕು. ಐದು ಜನಕ್ಕೆ ಹನ್ನೆರಡೂವರೆ ಅಡಿ. ನಾವು ತರೋದು 2 ಅಡಿ ರಾಡು ಒಂದು. ಅದರ ಮೇಲೆ ಒಂದರ ಮೇಲೊಂದು ಐದು ಹೇರ್ತೀವಿ.

ಈ ಲೆಕ್ಕ ಹಾಕಿಕೊಟ್ಟಿದ್ದು ನಮ್ಮ ಮಾವ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಾಗೆ ಇದ್ದೋರು. 1941ರಾಗೆ ಶುರುವಾದ ಕಾರ್ಖಾನೆ ಅದು. ಹರಿಹರದ ಲೇತು ಅಂದ್ರೆ ದೇಶದ ತುಂಬಾ ಹೆಸರಿತ್ತು. ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಅವರ ಜೇಬಿನಾಗೆ ಅಳತೆ ಟೇಪು ಉಳ್ಕೊಂಡಿತ್ತು. ಏನೇ ತರ್ರಿ, ಮೊದಲು ಅಳತೆ, ಆಮೇಲೆ ದುಡ್ಡು ಅನ್ನೋರು.

ಮೊಳೆ, ಕೊಕ್ಕೆ ಮಾತ್ರ ಹೊಡೆಸಬ್ಯಾಡ್ರಿ. ಕೊಕ್ಕೆಗೆ ಸಿಕ್ಕಿಸಿದ ಟವೆಲ್ ಸಂಜೀಗೆ ಮುಟ್ಟಿ ನೋಡ್ರಿ. ಕೆಳಗಿನ ತುದಿ ಹಪ್ಪಳದಂಗೆ ಒಣಗಿರ್ತೈತೆ, ಮೇಲೆ ಕೊಕ್ಕೆ ಹತ್ರ ಮಡಿಕೆ ಬಿದ್ದ ಕಡೆ ಕೈಗೆ ತಣ್ಣಗೆ ಹಸಿ ಹತ್ತತೈತೆ. ಮುಗ್ಗು ವಾಸನೆ ಹುಟ್ಟೋದೇ ಆ ಮಡಿಕ್ಯಾಗೆ. ನಮ್ಮ ದಾವಣಗೆರೆ ಬೇಸಿಗ್ಯಾಗೆ ಇದೇನೂ ಗೊತ್ತಾಗಲ್ಲ, ಎಲ್ಲಿ ಬಿಸಾಕಿದ್ರೂ ಒಣಗ್ತೈತೆ. ಆಷಾಢದ ಜಿಟಿಜಿಟಿ ಹತ್ತಿದ ಮೇಲೆ ಗೊತ್ತಾಗೋದು.

ಹರಿಹರದಾಗೆ ನಮ್ಮತ್ತೆ ಮನೆ ಬಚ್ಚಲು ಇನ್ನೂ ಸಣ್ಣದಿತ್ತು ಅಕ್ಕಾರೆ. ಒಂದು ಮೂಲ್ಯಾಗೆ ಹಂಡೆ, ಅದರ ಕೆಳಗೆ ಒಲೆ. ಆದ್ರೂ ಟವೆಲ್ಲಿನ ತೊಂದರೆ ಅಂತ ಯಾರೂ ಅಂದಿದ್ದೇ ಕೇಳಿಲ್ಲ. ಯಾಕಂದ್ರೆ ತಲೆ ಮೇಲೆ ಒಂದು ಬಿದಿರು ಗಳ ತೂಗಿಬಿಟ್ಟಿದ್ರು, ತೊಲೆಗೆ ಎರಡು ಹಗ್ಗ ಕಟ್ಟಿ. ಕೈ ಆಡಿ ಆಡಿ ನುಣ್ಣಗಾಗಿತ್ತು ಗಳ, ನಡುಮಧ್ಯ ಜೇನು ಬಣ್ಣ, ಎರಡೂ ತುದಿ ಹೊಗೆ ಹಿಡಿದು ಕರ್ರಗೆ. ಹಂಡೆ ಕಾವು ಮೇಲೇರಿ ಟವೆಲ್ ಬೆಚ್ಚಗಿರ್ತಿತ್ತು. ಎರಡಡಿ ದಪ್ಪ ಮಣ್ಣಿನ ಗೋಡ್ಯಾಗೆ ಮೂರು ಗೂಡು. ಸೀಗೆಪುಡಿಗೆ ಒಂದು, ಎಣ್ಣೆ ಗಿಂಡಿಗೆ ಒಂದು, ಸೋಪಿಗೆ ಒಂದು. ಹರಿಹರೇಶ್ವರನ ಗುಡಿಗೆ ಬಂದೋರು ಹೊಳ್ಯಾಗೆ ಮುಳುಗೆದ್ದು, ಒದ್ದೆ ಬಟ್ಟೆ ದಂಡೆ ಮೇಲೆ ಹರವಿ ದರ್ಶನಕ್ಕೆ ಹೋಗ್ತಾರಲ್ಲ, ಬಿಸಿಲಿದ್ರೆ ಬರೋಷ್ಟ್ರಾಗೆ ಅರ್ಧ ಒಣಗಿರ್ತಾವೆ. ಬಟ್ಟೆಗೆ ಬೇಕಾಗಿದ್ದು ಹರವು, ಗಾಳಿ, ಎರಡೇ.

ಅದಕ್ಕೇ ಹೇಳೋದು, ಗೋಡೆ ನೋಡಬ್ಯಾಡ್ರಿ, ಮೇಲೆ ನೋಡ್ರಿ. ನಿಮ್ಮ ಬಚ್ಚಲ ತಾರಸಿ 10 ಅಡಿ ಎತ್ತರ ಐತೆ. ನಾವು ಬಳಸೋದು 6 ಅಡಿ, ಉಳಿದಿದ್ದು ಬರೀ ಜೇಡಕ್ಕೆ. ಹಗ್ಗ ಎಳೆದ್ರೆ ಇಳಿಯೋ, ರಾಟೆ ಇರೋ ಬಟ್ಟೆ ಸ್ಟ್ಯಾಂಡ್ ಸಿಗ್ತಾವಲ್ಲ, ಬಾಲ್ಕನಿಗೆ ಹಾಕಿಸ್ತಾರೆ, ಅದನ್ನೇ ಒಳಗೆ ಹಾಕಿಸ್ರಿ. 4 ಅಡಿ ಪೈಪು ಐದಿದ್ರೆ 20 ಅಡಿ ಆತು. 9 ಅಡಿ ಎತ್ತರಕ್ಕೆ ಎಳೆದ್ರೆ, ಟವೆಲ್ ಎರಡೂವರೆ ಅಡಿ ಇಳಿಬಿದ್ರೂ ಆರೂವರೆ ಅಡಿ ಮೇಲೇ ಇರ್ತೈತೆ, ನಿಮ್ಮ ಎತ್ತರದ ಮಗನ ತಲೆಗೂ ತಾಗಲ್ಲ. ಆದ್ರೆ ಶವರ್ ಮೇಲೆ ಹಾಕಿಸಬ್ಯಾಡ್ರಿ, ಹಬೆ ಕುಡೀತೈತೆ. ವೆಂಟಿಲೇಟರ್ ಕಡೆ ಇರಲಿ.

ಪೈಪು ತಗೊಳ್ಳೋವಾಗ 304 ಸ್ಟೀಲ್ ಕೇಳ್ರಿ. 202 ಅಗ್ಗ, ಹೊಳಪು ಎರಡಕ್ಕೂ ಒಂದೇ, ಆದ್ರೆ ನೀರಿರೋ ಕಡೆ ಬೇಗ ತುಕ್ಕು ಹತ್ತೋದು ಅದಕ್ಕೇ. ನಾನು ಮೊದಲು ತಂದ ರಾಡು ಬಿಳೀ ಟವೆಲ್ ಮೇಲೆ ಚಹಾ ಚೆಲ್ಲಿದಂಗೆ ಗೆರೆ ಎಳೀತು. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ.

ಇನ್ನೊಂದು. ಗೋಡೆ ಈಗ ತೆರೆದೈತಲ್ಲ, ಇವತ್ತೇ ಮೊಬೈಲಿನಾಗೆ ನಾಲ್ಕೂ ಗೋಡೆ ಫೋಟೋ ತಗೊಳ್ರಿ, ಟೇಪು ಹಿಡಿದು ಅಳತೆ ಕಾಣೋ ಹಂಗೆ. ಪೈಪು ಎಲ್ಲೆಲ್ಲಿ ಹೋಗೈತೆ ಅಂತ ಟೈಲ್ಸ್ ಮುಚ್ಚಿದ ಮೇಲೆ ಯಾರಿಗೂ ನೆನಪಿರಲ್ಲ. ನಮ್ಮನ್ಯಾಗೆ ರಾಡ್ ಹಾಕೋಕೆ ಬಂದ ಹುಡುಗ ನಲ್ಲಿ ನೇರಕ್ಕೇ ಡ್ರಿಲ್ ಇಟ್ಟ. ಬಿಸಿನೀರಿನ ಪೈಪು ಒಡೆದು ಚಿಮ್ಮಿತು ನೋಡ್ರಿ, ವಾಲ್ವ್ ಹುಡುಕೋಷ್ಟ್ರಾಗೆ ನಡುಮನೆ ತನಕ ನೀರು. ನಾಲ್ಕು ಟೈಲ್ಸ್ ಒಡೆಸಿದ್ವಿ, ಆ ಬಣ್ಣ ಆಮೇಲೆ ಎಲ್ಲೂ ಸಿಗಲಿಲ್ಲ. ನೀವು ಒಂದು ಡಬ್ಬಿ ಟೈಲ್ಸ್ ಜಾಸ್ತಿ ತಂದು ಅಟ್ಟದ ಮೇಲಿಡ್ರಿ.

ಒಣಗಿದ ಟವೆಲ್ ಬಚ್ಚಲೊಳಗೆ ಇಡಬಾರದು ಅನ್ನೋದು ನನ್ನ ಖಂಡಿತ ಮಾತು. ಒಳಗೆ ಬೀರು ಮಾಡಿಸಿದ್ರೆ ತೇವ ಹಿಡಿದು ಬೂಸ್ಟು ಬರ್ತೈತೆ. ಗೂಡು ಕೊರೆಸೋಣ ಅಂದ್ರೆ ನಿಮ್ಮ ಒಳಗೋಡೆ ನಾಲ್ಕೂವರೆ ಇಂಚು, ಹಳೇ ಮಣ್ಣುಗೋಡೆ ಹಂಗೆ ತಾಳಲ್ಲ. ಬಾಗಿಲ ಮೇಲೆ ಹೊರಗಡೆ ಮೂರಡಿ ಖಾಲಿ ಗೋಡೆ ಐತಲ್ಲ, ಅಲ್ಲಿ ಒಂದಡಿ ಅಗಲದ ಕಡಪ ಕಲ್ಲು ಕೂರಿಸಿಬಿಡ್ರಿ. ಉದ್ದಕ್ಕೆ ಮಡಚಿ ಸುರುಳಿ ಸುತ್ತಿಟ್ರೆ ಹತ್ತು ಟವೆಲ್ ಹಿಡೀತಾವೆ, ಬೇಕಾದ್ದು ಎಳ್ಕೋಬಹುದು. ಒಳಗೆ ಸೋಪು, ಶಾಂಪೂಗೆ ಅದೇ ಕಲ್ಲಿನ ಚೂರು ಮೂಲೆಗೆರಡು ಸಾಕು, ನೀರು ಹರಿದು ಹೋಗೋಹಂಗೆ ತುಸು ಇಳಿಜಾರು ಕೊಡೋಕೆ ಹೇಳ್ರಿ.

ಊಟಕ್ಕೆ ಹೋದ ಮೇಸ್ತ್ರಿ ಬಂದ್ನೇನು? ತಗೊಳ್ರಿ, ಇದು ಮಾವನ ಟೇಪು. ತುದಿ ಕೊಕ್ಕೆ ಸ್ವಲ್ಪ ಸಡಿಲ ಐತೆ, ಒಂದಿಂಚಿನ ಗೆರೆಯಿಂದ ಹಿಡಿದು ಅಳೀರಿ, ಆಮೇಲೆ ಆ ಇಂಚು ಕಳೀರಿ. ಸಂಜೀಗೆ ಕೊಟ್ರೆ ಆತು.