ದನಿ ಕೇಳಿ ಮನಿ ಗುರ್ತ

“ರಾತ್ರಿ ಎಷ್ಟಕ್ಕ ಬಂದ್ಯೋ?” ಗ್ವಾಡಿ ಆಚಿಂದ ಕಾಕಾರ ದನಿ. ಕೈಯಾಗ ಛಾದ ಕಪ್ಪು.

“ಹನ್ನೊಂದು ದಾಟಿತ್ರಿ ಕಾಕಾ. ತಿಕೋಟಾದಾಗ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದೆ. ಕಾಟಾದ ಕಂಪ್ಯೂಟರಿನಿಂದ ಪ್ರಿಂಟರಿಗೆ ತೂಕದ ಚೀಟಿ ಹೋಗವಲ್ದು, ಕ್ಯಾಮೆರಾ ನಿಂತಾವ, ಹೊರಗ ರೈತರ ಟೆಂಪೊ ಮಧ್ಯಾಹ್ನದಿಂದ ಸಾಲುಗಟ್ಟ್ಯಾವ. ‘ಇಂಟರ್ನೆಟ್ ಹೋಗೇತಿ’ ಅಂದ್ರು. ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧನ ಇಲ್ರಿ. ಕೆಟ್ಟದ್ದು ಒಳಗಿನ ಸ್ವಿಚ್ಚಿನ ಹಂತ್ಯಾಕ, ಎಲ್ಲಾ ಮಶಿನ್ನಿನ ವಾಯರ್ ಬಂದು ಕೂಡೂ ಡಬ್ಬಿ ಅದು.”

“ಅದೇನ ಮಾಡತೈತಿ?”

“ದನಿ ಕೇಳಿ ಮನಿ ಗುರ್ತ ಹಿಡಿತೈತ್ರಿ. ಪ್ರತಿ ಮಶಿನ್ನಿಗೂ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ ಇರತೈತಿ. ಕಾಟಾದ ಕಂಪ್ಯೂಟರ್ ಮಾತಾಡಿದ ಕೂಡ್ಲೆ, ಇದು ಮೂರನೇ ಬಾಗಲದಿಂದ, ಅಂದ್ರ ವಾಯರ್ ಸಿಗಸೂ ಮೂರನೇ ತೂತಿನಿಂದ, ಬಂತು ಅಂತ ಬರಕೊಳ್ತೈತಿ. ಯಾರಿಗೆ ಹೋಗಬೇಕೋ ಅವರ ಗುರ್ತ ಇರದಿದ್ರ, ಬಂದ ಬಾಗಲ ಬಿಟ್ಟು ಉಳದ ಎಲ್ಲಾ ಬಾಗಲಕ್ಕೂ ಹಾಕತೈತಿ. ಪ್ರಿಂಟರ್ ‘ಓ’ ಅಂದ್ರ ಅದರ ಮನೀನೂ ಗೊತ್ತಾತು. ಐದು ನಿಮಿಷ ಸುಮ್ಮ ಕುಂತವರ ಹೆಸರು ಬಾಳ ಸ್ವಿಚ್ಚು ಅಳಸಿಬಿಡತಾವ.”

“ಮತ್ತ ಕೆಟ್ಟದ್ದೇನು?”

“ಸ್ವಿಚ್ಚಿನ ಎಲ್ಲಾ ದೀಪ ಒಮ್ಮೆಲೆ ಪಟಪಟ ಬಡಕೊಳ್ಳಾಕ ಹತ್ತಿದ್ವು. ಒಂದೊಂದ ವಾಯರ್ ಕಿತ್ತಿದೆ. ಐದನೇದು ಕಿತ್ತ ಕೂಡ್ಲೆ ಶಾಂತ! ಹಿಡಕೊಂಡು ಹೋಗಿ ನೋಡಿದ್ರ, ಅದರ ಇನ್ನೊಂದು ತುದಿ ಅದ ಸ್ವಿಚ್ಚಿನಾಗ. ಟೇಬಲ್ ಸರಿಸಿ ಕಸ ಹೊಡದವರು, ಜೋತಾಡೂ ತುದಿ ಕಂಡು ಖಾಲಿ ತೂತಿಗೆ ಸಿಗಸ್ಯಾರ.”

“ಗೋಲಗುಂಬಜದಾಗ ಚಪ್ಪಾಳಿ ಹೊಡದಂಗ ಆತಲ್ಲೋ.”

“ಗುಂಬಜದಾಗ ದನಿ ತಿರುಗಿ ತಿರುಗಿ ಸೊರಗತೈತ್ರಿ. ಇಲ್ಲಿ ಸೊರಗಂಗಿಲ್ಲ. ಎಲ್ಲರಿಗೂ ಅಂತ ಕೂಗಿದ ಒಂದ ಸುದ್ದಿ ಸುತ್ತಿ ಬಂದು ಮತ್ತ ಎಲ್ಲಾ ಬಾಗಲ ಬಡಿತೈತಿ, ದಾರಿ ತುಂಬಿಬಿಡತೈತಿ. ಕಾಟಾದ ದನಿ ಒಮ್ಮೆ ಮೂರನೇ ಬಾಗಲದಾಗ, ಒಮ್ಮೆ ಐದರಾಗ, ಒಮ್ಮೆ ಏಳರಾಗ. ಸ್ವಿಚ್ಚರೆ ಯಾವ ಮನಿ ಅಂತ ಬರಕೊಳ್ಳಬೇಕು, ಪಾಪ! ಇದಕ್ಕ ರಾಡಿಯಾ ಪರ್ಲ್‌ಮನ್ ಅನ್ನೂ ಅಕ್ಕಾರು 1985ರಾಗ ಸ್ಪ್ಯಾನಿಂಗ್ ಟ್ರೀ ಅಂತ ಉಪಾಯ ಹುಡುಕ್ಯಾರ್ರಿ. ಸುತ್ತುದಾರಿ ಕಂಡ್ರ ಸ್ವಿಚ್ ತಾನ ಒಂದು ಬಾಗಲ ಮುಚ್ಚತೈತಿ. ಸಸ್ತಾ ಡಬ್ಬಿಯೊಳಗ ಬಾಳ ಮಾಡಿ ಅದು ಇರಂಗಿಲ್ಲ. ವರ್ಷದ ಬೆಳಿ ಹೇರಿಕೊಂಡು ಬಂದವ್ರು ಒಂದು ಮೊಳ ವಾಯರಿಗೆ ಹಸಕೊಂಡು ನಿಂತಿದ್ರಲ್ರಿ, ಅದ ನನಗ ಹೊಟ್ಟಿ ಉರದದ್ದು.”

ಕಾಕಾ ಸ್ವಲ್ಪ ಹೊತ್ತು ಸುಮ್ಮಿದ್ರು. “ಬಬಲೇಶ್ವರದಾಗ ನಮ್ಮ ಅಳಿಯಾನ ಅಂಗಡ್ಯಾಗೂ ಎಲ್ಲಾ ನೀಲಿ ವಾಯರ, ಒಂದ ನಮೂನಿ ಅದಾವ.”

“ಎರಡೂ ತುದಿಗೆ ಚೀಟಿ ಅಂಟಸಾಕ ಹೇಳ್ರಿ. ಇವತ್ತ ಹೇಳ್ರಿ.”

ಕಾಕಾ ಕಪ್ಪು ಗ್ವಾಡಿ ಮ್ಯಾಲ ಇಟ್ಟು ಫೋನ್ ತಗದ್ರು.