ಕರೀ ಹೋಳು

ಲಚ್ಯಾಣದ ಕಾಕಾ ಊಟಕ್ಕೆ ಕರೆದಿದ್ದರು. ರೊಟ್ಟಿ, ಪುಂಡಿಪಲ್ಯದ ಜತೆ ಕಾಕು ಎರಡು ಉಪ್ಪಿನಕಾಯಿ ಬರಣಿ ತಂದಿಟ್ಟರು. ಎರಡರಲ್ಲೂ ಇಂಡಿ ಲಿಂಬೆಯೇ. ನಾನು ಹಳದಿ ಹೋಳಿನತ್ತ ಕೈಚಾಚಿದ್ದೇ ಕಾಕಾ ತಡೆದರು: "ಈ ವರ್ಷದ್ದು ಬ್ಯಾಡ ತಮ್ಮಾ, ಹಲ್ಲು ಚುಳ್ ಅಂತಾವ. ಹಳೇ ಕರೀದು ಹಾಕ್ಕೋ, ಜ್ವರ ಬಂದೋರೂ ತಿಂತಾರ."

ಕ್ರಾಂತಿಯ ವಿಷಯದಲ್ಲೂ ಕಾಕಾ ಇದೇ ಪಥ್ಯದವರು. ಬ್ರಿಟನ್ನಿನ ಎಡ್ಮಂಡ್ ಬರ್ಕನದೂ ಇದೇ ಪಥ್ಯ: 1790ರಲ್ಲಿ ಪುಸ್ತಕವನ್ನೇ ಬರೆದು ಫ್ರಾನ್ಸಿನ ಹಸಿ ಕ್ರಾಂತಿಗೆ ಮುಖ ಕಿವುಚಿದ; ಇಂಗ್ಲೆಂಡಿನ 1688ರ ಕ್ರಾಂತಿಯನ್ನು ಮಾತ್ರ ಚಪ್ಪರಿಸಿದ. ಅದು ಹಳೇ ಹಕ್ಕು ಕಾಪಾಡಿದ್ದಂತೆ! ನೂರು ವರ್ಷದ ಸರಕಿಗೇ ಇಷ್ಟು ಬಾಯಿ ಚಪ್ಪರಿಸಿದವನಿಗೆ ನಮ್ಮ ಜಿಲ್ಲೆಯ ಬಸವಣ್ಣನ ಎಂಟುನೂರೈವತ್ತು ವರ್ಷದ ಬರಣಿ ಸಿಕ್ಕಿದ್ದರೆ?

ಜನಿವಾರ ಬೇಡವೆಂದು ಹೊರಟ ಬಸವಣ್ಣನಿಗೆ ಬಾಗೇವಾಡಿಯಲ್ಲೇ ಗುಡಿಯಿದೆ, ಬಸವಕಲ್ಯಾಣದಲ್ಲಿ 108 ಅಡಿಯ ಮೂರ್ತಿಯಿದೆ. 2024ರಲ್ಲಿ ಸರ್ಕಾರ ಸಾಂಸ್ಕೃತಿಕ ನಾಯಕನೆಂದು ಘೋಷಿಸಿ ಕಚೇರಿಗಳ ಗೋಡೆಗೆ ಏರಿಸಿತು. ಆ ಪಟದ ಕೆಳಗೇ ಸಾಲಿನಲ್ಲಿ ನಿಂತು ನಾವು ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಡುತ್ತೇವೆ.

ಬರಣಿಗೆ ಹಸಿ ಸೌಟು ಹಾಕಬಾರದು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ. ಎಂ. ಕಲಬುರ್ಗಿ ಹಾಕಿದರು. 1989ರಲ್ಲಿ ತಮ್ಮ 'ಮಾರ್ಗ' ಪುಸ್ತಕದ ಶರಣರ ಕುರಿತ ಬರಹ ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲೇ ಗುಂಡೇಟು ಬಿತ್ತು. (ಕಾಕಾ ಆ ಸುದ್ದಿ ತೆಗೆಯುವುದಿಲ್ಲ. ಇನ್ನೂ ಮಾಗಿಲ್ಲ.)

ಬಸವ ಜಯಂತಿಯ ದಿನ ಮೈಕು ಮಾತ್ರ ಕಾಕಾನದೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದ ಕತೆ, ದೊರೆ ಬಿಜ್ಜಳ ಹಿರಿಯರಿಬ್ಬರನ್ನೂ ಎಳೆಹೂಟೆಗೆ ಹಾಕಿಸಿದ ಕತೆ. ಅಲ್ಲಿಗೆ ಬಂದಾಗ ಪ್ರತಿವರ್ಷ ಗಂಟಲು ಕಟ್ಟುತ್ತದೆ. ಟವೆಲ್ಲು ಕಣ್ಣಿಗೆ ಹೋಗುತ್ತದೆ.

ಮಜ್ಜಿಗೆ ಬರುವಷ್ಟರಲ್ಲಿ ಫೋನು ಟಿಂಗ್ ಎಂದಿತು. ಮಗಳಿಗೆ ಬಂದ ವರನ ಬಯೋಡೇಟಾ. ಮೇಲುಗಡೆ ಬಸವಣ್ಣನ ಚಿತ್ರ, ಕೆಳಗೆ ಪುಣೆಯಲ್ಲಿ ಎಂಜಿನಿಯರ್, ಹನ್ನೆರಡು ಎಕರೆ ನೀರಾವರಿ. ಕಾಕಾ ಎಡಗೈ ಬೆರಳಿನಿಂದ ಪರದೆ ಸರಿಸುತ್ತ ಸರಿಸುತ್ತ 'ಒಳಪಂಗಡ' ಎಂಬಲ್ಲಿ ನಿಲ್ಲಿಸಿದರು, ದೊಡ್ಡದು ಮಾಡಿ ನೋಡಿದರು. ಫೋನನ್ನು ಬೋರಲು ಹಾಕಿದರು.

"ಹುಡುಗ ಛಲೋ ಅದಾನಲ್ರಿ?" ಎಂದರು ಕಾಕು.

ಕಾಕಾ ಚೀಪುತ್ತಿದ್ದದ್ದು ಕರೀ ಹೋಳೇ. ಮುಖ ಯಾಕೋ ಹುಳ್ಳಗಾಗಿತ್ತು.