ನಿಮಿಷಕ್ಕೆ 5400 ಪ್ರದಕ್ಷಿಣೆ

ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ, ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವುದನ್ನು ಕಾದು, ಕಾಫಿ ಬೆರೆಸಿಕೊಂಡು ಬಂದರೂ ತೆರೆಯ ಮೇಲೆ ಆ ಪುಟ್ಟ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅದು ತಿರುಗುವುದು ನಿಂತು, ನಾನು ಬರೆಯಬೇಕೆಂದಿದ್ದ ಮೊದಲ ವಾಕ್ಯವನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಕಾಫಿ ಆರಿರುತ್ತಿತ್ತು, ವಾಕ್ಯ ಹಾರಿರುತ್ತಿತ್ತು.

“ರೀ, ಇದಕ್ಕೂ ವಯಸ್ಸಾಯ್ತು” ಎಂದಳು ನನ್ನ ಹೆಂಡತಿ. ಆ ‘ಇದಕ್ಕೂ’ ಎಂಬುದರಲ್ಲಿ ಇನ್ನು ಯಾರು ಯಾರು ಸೇರಿದ್ದಾರೆಂದು ನಾನು ವಿಚಾರಿಸಲು ಹೋಗಲಿಲ್ಲ.

ಎಂಜಿನಿಯರಿಂಗ್ ಓದುತ್ತಿರುವ ಮಗ ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ, ವೈದ್ಯನ ಗತ್ತಿನಲ್ಲಿ, “ಹಾರ್ಡ್ ಡಿಸ್ಕ್ ಅಪ್ಪ. ಐದು ಸಾವಿರದ ನಾನೂರು” ಎಂದ. ರೂಪಾಯಿ ಎಂದುಕೊಂಡು ನನ್ನ ಎದೆ ಧಸಕ್ಕೆಂದಿತು. ಅದು ಸುತ್ತಿನ ಲೆಕ್ಕವಂತೆ. ಒಳಗಿರುವ ತಟ್ಟೆ ನಿಮಿಷಕ್ಕೆ 5400 ಸಲ, ಅಂದರೆ ಸೆಕೆಂಡಿಗೆ 90 ಸಲ ಸುತ್ತುತ್ತದೆ. ಅದಕ್ಕಿಂತ ಚುರುಕಿನದು 7200 ಸುತ್ತಿನದು. ದೊಡ್ಡ ಸರ್ವರುಗಳಿಗೆಂದೇ 10,000, 15,000 ಸುತ್ತಿನವನ್ನೂ ಮಾಡಿದ್ದರು.

ಬಾಲ್ಕನಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದ ಅಮ್ಮ ತಲೆಯೆತ್ತಿದಳು. “ಅರಳೀಕಟ್ಟೆಗೆ ನೂರೆಂಟು ಸುತ್ತು ಹಾಕೋಕೆ ನನಗೆ ಮುಕ್ಕಾಲು ಗಂಟೆ ಬೇಕು. ಪಾಪ, ನಿಮಿಷಕ್ಕೆ ಐದು ಸಾವಿರ ಸುತ್ತುತ್ತಂತೆ. ಅದನ್ನೂ ಸೋಮಾರಿ ಅಂತೀಯಲ್ಲೋ!”

ಅಷ್ಟು ಸುತ್ತಿದರೂ ನಿಧಾನವೇಕೆ ಎಂಬುದು ನನಗೆ ಹೊಳೆದದ್ದು ಮದುವೆ ಮನೆಯ ಪಂಕ್ತಿಯಲ್ಲಿ. ನಾವು ಪಲ್ಯದ ಮೇಲೆ ಗಮನವಿಟ್ಟಿದ್ದಾಗಲೇ ಹೋಳಿಗೆ ಬಡಿಸುವವನು ನಮ್ಮೆಲೆ ದಾಟಿ ಹೋಗಿಬಿಡುತ್ತಾನೆ. ಅವನು ಎಷ್ಟೇ ಚುರುಕಿನ ಮನುಷ್ಯನಾಗಿರಲಿ, ಸಾಲು ಮುಗಿಸಿ, ತಿರುಗಿ ನಮ್ಮೆದುರು ಬರುವವರೆಗೆ ಕಾಯದೆ ವಿಧಿಯಿಲ್ಲ. ಡಿಸ್ಕಿನ ಕಥೆಯೂ ಇದೇ. ತಟ್ಟೆಯಿಂದ ಕೂದಲೆಳೆಯ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುವ ಓದುಮುಳ್ಳು ಸರಿಯಾದ ಸಾಲಿಗೆ ಸರಿದು, ಬೇಕಾದ ತುಣುಕು ತನ್ನ ಕೆಳಗೆ ಬರಲೆಂದು ಬಾಯಿ ತೆರೆದು ಕೂತಿರುತ್ತದೆ. ಸರಾಸರಿ ಅರ್ಧ ಸುತ್ತು ಕಾಯಬೇಕು. 5400ರ ಡಿಸ್ಕಿಗೆ ಅದು ಐದೂವರೆ ಮಿಲಿಸೆಕೆಂಡು, 7200ರದಕ್ಕೆ ನಾಲ್ಕು ಚಿಲ್ಲರೆ. ಮುಳ್ಳು ಸರಿಯುವುದಕ್ಕೆ ಇನ್ನೊಂದು ಹತ್ತು ಮಿಲಿಸೆಕೆಂಡು ಸೇರಿಸಿ. ಒಟ್ಟಿನಲ್ಲಿ ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಕಡೆ ಕೈಯಾಡಿಸಬಹುದು, ಅಷ್ಟೆ. ಕಂಪ್ಯೂಟರು ನಿದ್ದೆಯಿಂದೇಳುವಾಗ ಕೇಳುವುದು ಅಲ್ಲಲ್ಲಿ ಚೆದುರಿಬಿದ್ದ ಸಾವಿರಾರು ತುಣುಕುಗಳನ್ನು. ನನ್ನ ಕಾಫಿ ದಿನಾ ಆರುತ್ತಿದ್ದುದು ಈ ಹೋಳಿಗೆಯವನ ದಾರಿ ಕಾದು.

ಬೈಯುವ ಮುಂಚೆ ಇದರ ಮುತ್ತಜ್ಜನನ್ನೂ ನೆನೆಯಬೇಕು. ಕರ್ನಾಟಕ ಏಕೀಕರಣವಾದ 1956ರಲ್ಲೇ ಅಮೆರಿಕದ ಐಬಿಎಂ ಕಂಪನಿ ‘ರ್‍ಯಾಮ್ಯಾಕ್’ ಎಂಬ ಯಂತ್ರದೊಂದಿಗೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಎರಡಡಿ ಅಗಲದ ದೋಸೆಕಾವಲಿಯಂಥ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ, ನಿಮಿಷಕ್ಕೆ 1200 ಸುತ್ತು. ಇಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇವತ್ತು ನಮ್ಮ ಮೊಬೈಲಿನಲ್ಲಿ ಮಸಾಲೆದೋಸೆಯ ಒಂದು ಫೋಟೊ ತೆಗೆದರೆ ಅಷ್ಟು ಜಾಗ ಭರ್ತಿ. ಮುತ್ತಜ್ಜನ ಲೆಕ್ಕದಲ್ಲಿ ನನ್ನ ಡಿಸ್ಕು ಪಂಚಕಲ್ಯಾಣಿ ಕುದುರೆಯೇ ಸರಿ. ಆದರೂ ಮುತ್ತಜ್ಜ ನಡೆದುಕೊಂಡು ಶಾಲೆಗೆ ಹೋಗುತ್ತಿದ್ದ ಎಂಬುದನ್ನು ನೆನೆದು ತಡವಾದ ಬಸ್ಸನ್ನು ಯಾರು ತಾನೇ ಕ್ಷಮಿಸುತ್ತಾರೆ?

ಸರಿ, ಟೌನ್‌ಹಾಲ್ ಬಳಿ ಇಳಿದು ಎಸ್‌.ಪಿ. ರಸ್ತೆಯ ಗಲ್ಲಿಗಳಿಗೆ ಮೂರು ಶನಿವಾರ ಪ್ರದಕ್ಷಿಣೆ ಹಾಕಿದೆವು. ಅಲ್ಲಿ ಬೆಲೆಯನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಒತ್ತಿ, ನಮ್ಮ ಕಡೆ ತಿರುಗಿಸಿ, ನಾವು ಹುಬ್ಬೇರಿಸುವುದರೊಳಗೆ ಅಳಿಸಿಬಿಡುತ್ತಾರೆ.

“ಸರ್, ನಿಮಗೆ ಸ್ಪೀಡ್ ಬೇಕಾ, ಜಾಗ ಬೇಕಾ?”

“ಎರಡೂ.”

“ಹಂಗಾದ್ರೆ ದುಡ್ಡು ಬೇಕಾಗುತ್ತೆ ಸರ್.”

ಒಂದು ಅಂಗಡಿಯಲ್ಲಿ ಎರಡು ಟೆರಾಬೈಟಿನ ಡಿಸ್ಕು ಅಗ್ಗಕ್ಕೆ ಕಂಡು ನಾನು ಜೇಬಿಗೆ ಕೈ ಹಾಕಿದೆ. ಮಗ ಮೆಲ್ಲಗೆ ನನ್ನ ಕೈ ಹಿಡಿದ. “ಅಪ್ಪ, ಇದು ಎಸ್‌ಎಂಆರ್. ಜಾಗ ಉಳಿಸೋಕೆ ಸಾಲುಗಳನ್ನ ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಬರೆದಿರ್ತಾರೆ.” ಹೆಂಚು ಎಂದದ್ದೇ ತಡ, ನನಗೆ ಎಲ್ಲವೂ ಅರ್ಥವಾಯಿತು. ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಒಂದೇ ಒಂದು ಮಂಗಳೂರು ಹೆಂಚು ಬದಲಿಸಲು ಮಾಡು ಹತ್ತಿದವನು, ಅದರ ಮೇಲೆ ಕೂತ ಹೆಂಚು, ಅದರ ಮೇಲಿನದು ಎಂದು ಸಾಲನ್ನೇ ಎತ್ತಿ, ಮತ್ತೆ ಜೋಡಿಸಿ, ಸಂಜೆಗೆ ಇಳಿದಿದ್ದೆ. ಇಟ್ಟದ್ದನ್ನು ಇಟ್ಟಂತೆ ಓದುವುದಕ್ಕೆ ಅಡ್ಡಿಯಿಲ್ಲ. ನಡುವೆ ಒಂದನ್ನು ತಿದ್ದಹೊರಟರೆ ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ಒಂದೊಂದು ವಾಕ್ಯವನ್ನೂ ಹತ್ತು ಸಲ ತಿದ್ದುವ ನನಗೂ ಅದಕ್ಕೂ ಜಾತಕ ಕೂಡಿಬರುವಂತಿರಲಿಲ್ಲ.

ಕೊನೆಗೆ ಎಸ್‌ಎಸ್‌ಡಿ ಎಂದು ತೀರ್ಮಾನವಾಯಿತು. ಅದರಲ್ಲಿ ತಟ್ಟೆಯಿಲ್ಲ, ಮುಳ್ಳಿಲ್ಲ, ಸುತ್ತು ಮೊದಲೇ ಇಲ್ಲ. ಇರುವುದೆಲ್ಲ ಚಿಪ್ಪು, ಕೇಳಿದ ಕಡೆ ನೇರ ಕೈ. ಮನೆಗೆ ಬಂದು ಅಮ್ಮನಿಗೆ ವಿವರಿಸಿದರೆ ಆಕೆಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ. “ಅಷ್ಟೇ ತಾನೇ? ಷಣ್ಮುಖ ನವಿಲು ಹತ್ತಿ ಲೋಕ ಸುತ್ತಿ ಬರೋಷ್ಟರಲ್ಲಿ ಗಣಪ ಇದ್ದಲ್ಲೇ ಇದ್ದು ಹಣ್ಣು ಗೆಲ್ಲಲಿಲ್ಲವೇ?” ಮೂರು ಶನಿವಾರ ತಿರುಗಿ ತಿಳಿದುಕೊಂಡದ್ದನ್ನು ಅವಳು ಬತ್ತಿ ಮಾಡುತ್ತಲೇ ಮುಗಿಸಿಬಿಟ್ಟಳು.

ನಾನು ತಂದಿದ್ದ ಗಣಪ ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟಿದ್ದ: 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಸೆಕೆಂಡಿಗೆ 3500 ಮೆಗಾಬೈಟ್ ಎಂದು ಡಬ್ಬದ ಮೇಲೆ ಬರೆದಿತ್ತು. ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ಕೂರಿಸಿದೆವು. ಬಿಗಿಯಬೇಕಾದ ಸ್ಕ್ರೂ ಸಾಸಿವೆಗಿಂತ ತುಸು ದೊಡ್ಡದು. ನನ್ನ ಕೈಜಾರಿ ಬಿತ್ತು. ನಾನು, ಮಗ, ಮೊಬೈಲಿನ ಟಾರ್ಚು ಮೂವರೂ ನೆಲಕ್ಕೆ ಬಿದ್ದು ಹುಡುಕಿದೆವು. ಅಮ್ಮ ಬಂದು ಅಂಗೈಯಿಂದ ನೆಲವನ್ನೊಮ್ಮೆ ಸವರಿ, “ತಗೋ” ಎಂದು ಕೊಟ್ಟು ಹೋದಳು.

ಸ್ಕ್ರೂ ಸಿಕ್ಕಿತು, ಗಣಪ ಮಾತ್ರ ಕಣ್ಣು ಬಿಡಲಿಲ್ಲ. ಲ್ಯಾಪ್‌ಟಾಪಿನದು ಸಾಟಾ ಮಾತ್ರ ಒಪ್ಪುವ ಸ್ಲಾಟು; ನಾವು ತಂದದ್ದು ಎನ್‌ವಿಎಂಇ. ಮೈಕಟ್ಟು ಒಂದೇ, ಗೋತ್ರ ಬೇರೆ. ಮದುವೆಗೆ ಗೋತ್ರ ಬೇರೆ ಇರಬೇಕು, ಇಲ್ಲಿ ಒಂದೇ ಆಗಬೇಕು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಮಾರಿದ ಮಾಲು ವಾಪಸಿಲ್ಲವೆಂದು ಬಿಲ್ಲಿನ ತಳದಲ್ಲಿ ಅಚ್ಚಾಗಿದ್ದರೂ ಅಂಗಡಿಯವನು ದೊಡ್ಡ ಮನಸ್ಸು ಮಾಡಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಬದಲಿ ಕೊಟ್ಟ. ವ್ಯತ್ಯಾಸದ ಹಣ ಕೇಳಿದ್ದಕ್ಕೆ ಒಂದು ಮೌಸ್ ಪ್ಯಾಡ್ ಕೊಟ್ಟ.

ಹೊಸದರ ವೇಗ ಸೆಕೆಂಡಿಗೆ 550 ಮೆಗಾಬೈಟ್. 3500 ಕಣ್ಣಲ್ಲೇ ಕುಣಿಯುತ್ತಿದ್ದ ನನಗೆ ಮುಖ ಸಪ್ಪಗಾಯಿತು. ಆ ದೊಡ್ಡ ಅಂಕಿಯೆಲ್ಲ ಒಂದೇ ದೊಡ್ಡ ಫೈಲನ್ನು ಸಲೀಸಾಗಿ ಸಾಗಿಸುವಾಗಿನದು, ನಮ್ಮಂಥವರ ಚೂರುಪಾರು ಕೆಲಸದಲ್ಲಿ ಇದೇ ಹಳೆಯ ಡಿಸ್ಕಿನ ನೂರು ಪಟ್ಟು ದಾಟುತ್ತದೆ ಎಂದು ಮಗ ಸಮಾಧಾನ ಮಾಡಿದ. 500 ಜಿಬಿ ಎಂದು ಕೊಂಡದ್ದು ತೆರೆಯ ಮೇಲೆ 465 ಎಂದು ಕಂಡಾಗ ಮತ್ತೆ ರೇಗಿತು. ಇದೂ ಮೋಸವಲ್ಲವಂತೆ. ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಕೊಡುವವನ ಸೇರು ಬೇರೆ, ಕೊಳ್ಳುವವನ ಸೇರು ಬೇರೆ. ಸಂತೆಯಷ್ಟೇ ಹಳೆಯ ತಕರಾರು.

ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದೆಂದು ಕೇಳಿದಾಗ ಸ್ವಲ್ಪ ದಿಗಿಲಾಯಿತು. ನನ್ನದಕ್ಕೆ 300 ಟೆರಾಬೈಟ್ ಬರೆಯುವವರೆಗೆ ಭರವಸೆ ಇತ್ತು. ಲೇಖನವೊಂದಕ್ಕೆ 50 ಕಿಲೊಬೈಟ್, ದಿನಕ್ಕೊಂದು ಲೇಖನ ಎಂದು ಲೆಕ್ಕ ಹಾಕಿದೆ. ಒಂದು ಕೋಟಿ ಅರವತ್ತು ಲಕ್ಷ ವರ್ಷ ಬಂತು, ಹೆಚ್ಚುಕಡಿಮೆ ನಾಲ್ಕು ಮಹಾಯುಗ. ಸಂಪಾದಕರು ವಾಪಸು ಕಳಿಸಿದ್ದನ್ನೆಲ್ಲ ಮತ್ತೆ ಬರೆದರೂ ಒಂದು ಯುಗ ಮಿಕ್ಕೀತು.

ಈಗ ಲ್ಯಾಪ್‌ಟಾಪು ಹದಿನೈದು ಸೆಕೆಂಡಿನಲ್ಲಿ ಏಳುತ್ತದೆ. ಎದ್ದ ವಾರವೇ ಮನೆಯ ಕಂದಾಯದ ಹಳೆಯ ರಸೀದಿ ಬೇಕಾಯಿತು. ಸ್ಕ್ಯಾನ್ ಮಾಡಿಟ್ಟಿದ್ದು ಖಂಡಿತ; ಇಟ್ಟದ್ದು ‘ಹೊಸ ಫೋಲ್ಡರ್’ನಲ್ಲೋ, ‘ಹೊಸ ಫೋಲ್ಡರ್ 2’ರಲ್ಲೋ, ‘ಮುಖ್ಯ’ದಲ್ಲೋ, ‘ಬಹಳ ಮುಖ್ಯ’ದಲ್ಲೋ. ಒಂದೊಂದನ್ನೇ ತೆರೆದೆ. ಬೇಡದ ಫೈಲುಗಳೆಲ್ಲ ಮಿಂಚಿನ ವೇಗದಲ್ಲಿ ತೆರೆದುಕೊಂಡವು. ಅಷ್ಟರಲ್ಲಿ ಅಮ್ಮ ರಸೀದಿಯ ಅಸಲನ್ನೇ ಹಿಡಿದು ಬಂದಳು. “ಟ್ರಂಕಿನಲ್ಲಿ, ನಿಮ್ಮಪ್ಪನ ಮಗುಟದ ಕೆಳಗಿತ್ತು. ಇನ್ನೆಲ್ಲಿರುತ್ತೆ?”

ಹಳೆಯ ಡಿಸ್ಕಿನಲ್ಲಿ ಮನೆಯ ಫೋಟೊಗಳೆಲ್ಲ ಇದ್ದವು. ಮಗ ಅವುಗಳದೊಂದು ಪ್ರತಿ ಬೇರೆ ಕಡೆ ತೆಗೆದು, ಡಿಸ್ಕಿಗೆ ಹೊರಗವಚ ತೊಡಿಸಿದ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಎಸ್‌ಎಸ್‌ಡಿಗೆ ಮರೆವು ಬರಬಹುದು, ಎತ್ತಿಡಲು ಈ ಮುದುಕನೇ ವಾಸಿ ಎಂಬುದು ಅವನ ವಾದ. ಅಮ್ಮ ಅದನ್ನು ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿದಳು. ನಿಮಿಷಕ್ಕೆ 5400 ಸುತ್ತು ಸುತ್ತುತ್ತಿದ್ದವನು ಮೂರೇ ಸುತ್ತಿಗೆ ಮಲಗಿದ. ಟ್ರಂಕು, ನುಸಿಗುಳಿಗೆ, ಬೀಗ.

ಮೊನ್ನೆ ಮಗನ ನಾಮಕರಣದ ಫೋಟೊ ಬೇಕೆಂದು ತಂಗಿ ಫೋನ್ ಮಾಡಿದಳು. ನಾನು ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ, ಅಮ್ಮ ಎದ್ದು ಒಳಗೆ ಹೋದಳು. ತೆರೆ ಬೆಳಗುವಷ್ಟರಲ್ಲಿ ಸೀರೆಯ ಗಂಟು ನನ್ನ ಮೇಜಿನ ಮೇಲಿತ್ತು.

ಅದರ ಕೇಬಲನ್ನು ಮಾತ್ರ ನಾನೇ ಜೋಪಾನವಾಗಿ ಎತ್ತಿಟ್ಟಿದ್ದೆ. ಹುಡುಕುತ್ತಿದ್ದೇನೆ.